ಗೊಮ್ಮಟನ ಪಾದದ ಬಳಿಯ ಆ ಸಾಲು ಯಾವ ಭಾಷೆ?

ಕಾರವಾರದಿಂದ ಶ್ರವಣಬೆಳಗೊಳಕ್ಕೆ ಹೊರಟರೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಪಾದದ ಹತ್ತಿರ ಕೊಂಕಣಿ ಬರೆದದ್ದಿದೆ, ನೋಡಿಕೊಂಡು ಬಾ." ಬೆಳಗಾವಿ ಕಡೆಯ ಗೆಳೆಯರು ಅದೇ ಸಾಲನ್ನು ಮರಾಠಿ ಅನ್ನುತ್ತಾರೆ. ಅತ್ತೆಯನ್ನು ಕರೆದುಕೊಂಡು ನಾನೂ ವಿಂಧ್ಯಗಿರಿ ಹತ್ತಿದೆ. 600ಕ್ಕೂ ಜಾಸ್ತಿ ಮೆಟ್ಟಿಲು, ಬರಿಗಾಲು. 58 ಅಡಿಯ ಮೂರ್ತಿಯ ಎದುರು ಎಲ್ಲರೂ ತಲೆಯೆತ್ತಿ ನಿಂತಿದ್ದರು. ನಾವು ಮಾತ್ರ ಕೆಳಗೆ, ಹಾವುಗಳು ಇಣುಕುವ ಹುತ್ತದ ಕೆತ್ತನೆಯ ಬಳಿ ಅಕ್ಷರ ಹುಡುಕುತ್ತಿದ್ದೆವು.

ನಾಗರಿ ಲಿಪಿಯಲ್ಲಿ "ಶ್ರೀ ಚಾವುಂಡರಾಜೇಂ ಕರವಿಯಲೇಂ" ಎಂದಿದೆ. ಚಾವುಂಡರಾಯ ಮಾಡಿಸಿದ ಎಂದರ್ಥ. ಓದಿ ಹೇಳಿದೆ. ಕೊಂಕಣಿ ಮನೆಮಾತಿನ ಅತ್ತೆಗೆ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. "ಇದು ನಮ್ಮದೇ ಅಲ್ವಾ?" ಅಂದರು.

ಅಷ್ಟು ಸುಲಭವಲ್ಲ. ಗಂಗರ ಮಂತ್ರಿ ಚಾವುಂಡರಾಯ ಮೂರ್ತಿ ಮಾಡಿಸಿದ್ದು ಸುಮಾರು 981ರಲ್ಲಿ. ಆ ಲೆಕ್ಕದಲ್ಲಿ ಇದು ಮರಾಠಿಯ ಮೊದಲ ಶಾಸನ ಎಂದು ಬಹಳ ಕಾಲ ಓದಿಸಲಾಯಿತು. ಆದರೆ ಅಲ್ಲಿಯೇ ಇನ್ನೊಂದು ನಾಗರಿ ಸಾಲಿದೆ. ಗಂಗರಾಜ ಸುತ್ತಾಲಯ, ಅಂದರೆ ಮೂರ್ತಿಯ ಸುತ್ತಲಿನ ಕಟ್ಟಡ, ಮಾಡಿಸಿದ ಎನ್ನುತ್ತದೆ. ಗಂಗರಾಜ ಹೊಯ್ಸಳ ವಿಷ್ಣುವರ್ಧನನ ಸೇನಾಪತಿ, 12ನೇ ಶತಮಾನದವನು. ಹಾಗಾಗಿ ಎರಡೂ ಸಾಲು ಆಮೇಲೆ ಒಟ್ಟಿಗೇ ಕೆತ್ತಿದ್ದಿರಬಹುದು ಎಂಬ ವಾದ ಬಂತು. ಮಹಾರಾಷ್ಟ್ರದ ಅಲಿಬಾಗ್ ಬಳಿಯ ಅಕ್ಷಿಯ 1012ರ ಮರಾಠಿ ಶಾಸನವೇ ಹಳೆಯದು ಎಂದವರೂ ಉಂಟು.

ಕೊಂಕಣಿಯ ವಾದ ಬೆಳೆದದ್ದು ಬೇರೆ ಕಾರಣಕ್ಕೆ, ಅದೂ ನಮ್ಮ ಅಂಗಳದಲ್ಲೇ. ಕಾರವಾರ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ನಮ್ಮ ಹಿರಿಯರಿಗೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಮರಾಠಿ, ಪೇಟೆಯಲ್ಲಿ ಕನ್ನಡ. ಮನೆಮಾತು ಮರಾಠಿಯ ಉಪಭಾಷೆ ಎಂದು ಕೇಳಿಸಿಕೊಂಡೇ ಬೆಳೆದವರು ಅವರು. 1939ರಲ್ಲಿ ಮೊದಲ ಕೊಂಕಣಿ ಪರಿಷತ್ತು ಸೇರಿದ್ದು ಕಾರವಾರದಲ್ಲೇ. ತನ್ನದೇ ಭಾಷೆ ಎಂದು ಹೇಳಬೇಕಾದರೆ ಹಳೆಯ ದಾಖಲೆ ಬೇಕಲ್ಲ! "ಕರವಿಯಲೇಂ" ಕೈಗೆ ಸಿಕ್ಕಿತು. ಕೊನೆಯ ಆ ಅನುನಾಸಿಕ, ಮೂಗಿನಿಂದ ಬರುವ ಧ್ವನಿ, ಇವತ್ತಿಗೂ ಕೊಂಕಣಿಯಲ್ಲಿ ಉಳಿದಿದೆ, ಮರಾಠಿಯ ಬರಹದಲ್ಲಿ ಸವೆದಿದೆ. ಆದರೆ ಹಳೆಯ ಮರಾಠಿಯಲ್ಲೂ ಅದು ಇತ್ತು. ಎರಡು ಪದದ ಒಂದು ಸಾಲು ಇಷ್ಟೊಂದು ಭಾರ ಹೊರಲಾರದು.

1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, 1967ರಲ್ಲಿ ಮಹಾರಾಷ್ಟ್ರದೊಡನಿನ ಗಡಿ ವಿವಾದದ ಮಹಾಜನ ವರದಿ, 1975ರಲ್ಲಿ ಕೊಂಕಣಿಗೆ ಸಾಹಿತ್ಯ ಅಕಾಡೆಮಿಯ ಮನ್ನಣೆ, 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಜಾಗ. 2024ರಲ್ಲಿ ಮರಾಠಿಗೆ ಶಾಸ್ತ್ರೀಯ ಸ್ಥಾನ ಸಿಕ್ಕಾಗ ಈ ಸಾಲಿನ ಮಾತು ಇಲ್ಲಿನ ಚಹಾದಂಗಡಿಯಲ್ಲಿ ಮತ್ತೆ ಎದ್ದಿತು.

ಇಷ್ಟೆಲ್ಲ ಗದ್ದಲದಲ್ಲಿ ಪಕ್ಕದ ಸಾಲುಗಳನ್ನೇ ಜನ ಮರೆತಿದ್ದಾರೆ. ನನಗೆ ಬೇಸರ ಅದಕ್ಕೇ. ಅದೇ ಮಾತು ಅಲ್ಲಿ ಕನ್ನಡದಲ್ಲೂ ಇದೆ: "ಶ್ರೀ ಚಾಮುಂಡರಾಜಂ ಮಾಡಿಸಿದಂ". ತಮಿಳಿನಲ್ಲೂ ಇದೆ, ಗ್ರಂಥ ಮತ್ತು ವಟ್ಟೆಳುತ್ತು ಎಂಬ ಹಳೆಯ ಲಿಪಿಗಳಲ್ಲಿ. ದೂರದೂರಿನಿಂದ ಬರುವವರಿಗೆಲ್ಲ ಗೊತ್ತಾಗಲಿ ಅಂತ ಕೆತ್ತಿಸಿದ್ದು ಎಂದೇ ನನಗನ್ನಿಸುತ್ತದೆ.

ನಾವು ಬಗ್ಗಿ ನೋಡುತ್ತಿದ್ದಾಗ ತಮಿಳುನಾಡಿನ ಒಂದು ಕುಟುಂಬವೂ ಬಂದು ನಿಂತಿತು. ಅವರ ಸಾಲು ತೋರಿಸಿದೆ. ಆ ಲಿಪಿ ಅವರಿಗೂ ಓದಲು ಬರಲಿಲ್ಲ. "ಸೆಯ್ವಿತ್ತಾನ್" ಅಂದೆ, ಮಾಡಿಸಿದ ಎಂದು. ಅಜ್ಜಿಯೊಬ್ಬರು ತಟ್ಟನೆ ತಲೆಯಾಡಿಸಿ, ಪಕ್ಕದಲ್ಲಿದ್ದ ಅತ್ತೆಯ ಕೈ ಹಿಡಿದುಕೊಂಡರು.