ಎಯುಸಿ 0.75 ಅಂದ್ರೆ 75% ಸರಿ ಅಂತಲ್ಲ

ಫೊರೆನ್ಸಿಕ್ ಸೈಕಾಲಜಿ ಓದೋರು ಜಾಸ್ತಿ ಎಡವೋದು ಇಲ್ಲೇ, ಅದಕ್ಕೆ ಇದೊಂದನ್ನ ಬಿಡಿಸಿ ಬರೀತಿದೀನಿ. ವಿಆರ್‌ಎಜಿ, ಎಚ್‌ಸಿಆರ್-20 ತರದ, ಒಬ್ಬ ಮುಂದೆ ಹಿಂಸೆ ಮಾಡ್ತಾನಾ ಅಂತ ಅಂದಾಜು ಹಾಕೋ ಟೂಲ್‌ಗಳಿಗೆ ಎಯುಸಿ ಅನ್ನೋ ಅಳತೆ 0.70–0.75 ಆಸುಪಾಸು ಅಂತ ಸುಮಾರು ಸ್ಟಡಿಗಳಲ್ಲಿ ಇರುತ್ತೆ. ಅದು ಹೇಳೋದು ಇಷ್ಟೇ: ಮುಂದೆ ಹಿಂಸೆ ಮಾಡಿದೋರಲ್ಲಿ ಒಬ್ಬನ್ನ, ಮಾಡದೇ ಇದ್ದೋರಲ್ಲಿ ಒಬ್ಬನ್ನ ಸುಮ್ನೆ ಎತ್ಕೊಂಡ್ರೆ ಮೊದಲ್ನೇನಿಗೆ ಸ್ಕೋರ್ ಜಾಸ್ತಿ ಇರೋ ಸಾಧ್ಯತೆ ಎಷ್ಟು. 0.5 ಬಂದ್ರೆ ಟಾಸ್ ಹಾಕಿದಂಗೆ.

ಆದ್ರೆ ಕೋರ್ಟಿಗೆ ಬೇಕಿರೋ ಪ್ರಶ್ನೆನೇ ಬೇರೆ, ಹೈ ರಿಸ್ಕ್ ಅಂದ್ರಲ್ಲ, ಇವನು ನಿಜಕ್ಕೂ ಮಾಡ್ತಾನಾ? ಅದಕ್ಕೆ ಬೇಸ್ ರೇಟ್ ಬೇಕು, ಅಂದ್ರೆ ಆ ಗುಂಪಲ್ಲಿ ನೂರಕ್ಕೆ ಎಷ್ಟು ಜನ ಹಿಂಸೆಗೆ ಇಳೀತಾರೆ ಅನ್ನೋದು. ಲೆಕ್ಕ ಹಾಕಿ ನೋಡಿ, 1000 ಜನ, ಅವರಲ್ಲಿ ಹಿಂಸೆಗೆ ಇಳಿಯೋರು 100, ಟೂಲ್‌ನ ಸೆನ್ಸಿಟಿವಿಟಿ (ಹಿಂಸೆ ಮಾಡೋರನ್ನ ಹಿಡಿಯೋ ಪ್ರಮಾಣ) 75%, ಸ್ಪೆಸಿಫಿಸಿಟಿನೂ (ಮಾಡದೋರನ್ನ ಸರಿಯಾಗಿ ಬಿಡೋ ಪ್ರಮಾಣ) 75%. 100ರಲ್ಲಿ 75 ಜನ ಸಿಕ್ಕಿಬೀಳ್ತಾರೆ, ಸರಿ, ಆದ್ರೆ ಉಳಿದ 900ರಲ್ಲಿ 225 ಜನಕ್ಕೂ ಹೈ ರಿಸ್ಕ್ ಸೀಲ್ ಬೀಳುತ್ತೆ. ಅಂದ್ರೆ ಸೀಲ್ ಬಿದ್ದ 300ರಲ್ಲಿ ನಿಜವಾದೋರು 75, ನಾಲ್ಕರಲ್ಲಿ ಒಬ್ಬ! ಅದೇ ಟೂಲ್, ಬೇಸ್ ರೇಟ್ 50% ಇರೋ ಗುಂಪಿಗೆ ಹಾಕಿದ್ರೆ ನಾಲ್ಕರಲ್ಲಿ ಮೂವರು. ಟೂಲ್ ಒಂಚೂರೂ ಬದಲಾಗಿಲ್ಲ ನೋಡಿ. ಪರೀಕ್ಷೆಲಿ ಪಿಪಿವಿ (ಸೀಲ್ ಬಿದ್ದೋರಲ್ಲಿ ನಿಜವಾದೋರ ಪ್ರಮಾಣ) ಕೇಳಿದ್ರೆ ಈ ಲೆಕ್ಕನೇ ಬರೀರಿ, ಡೆಫಿನಿಷನ್ ಬರೆದು ಕೈತೊಳ್ಕೋಬೇಡಿ.

ಫಜೆಲ್ ತಂಡ 2012ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಜರ್ನಲ್‌ಲಿ 73 ಸ್ಯಾಂಪಲ್, 24,827 ಜನರ ಡೇಟಾ ಒಟ್ಟು ಮಾಡಿ ನೋಡ್ತು. ಹಿಂಸೆ ಅಳೆಯೋ ಟೂಲ್‌ಗಳು ಮೀಡಿಯಂ ಅಥವಾ ಹೈ ರಿಸ್ಕ್ ಅಂದೋರಲ್ಲಿ 41% ಜನ ಹಿಂಸೆ ಮಾಡಿದ್ರು, ಲೋ ರಿಸ್ಕ್ ಅಂದೋರಲ್ಲಿ 91% ಮಾಡ್ಲಿಲ್ಲ. ನನ್ನ ಪ್ರಕಾರ ಇವು ಯಾರನ್ನ ಬಿಡ್ಬೋದು ಅನ್ನೋಕೆ ಪರ್ವಾಗಿಲ್ಲ, ಯಾರನ್ನ ಹಿಡಿದಿಡ್ಬೇಕು ಅನ್ನೋಕೆ ವೀಕು.

ಇನ್ನು 1983ರ ಬೇರ್‌ಫುಟ್ ಕೇಸ್, ಅಮೆರಿಕದ್ದು, ಮರಣದಂಡನೆ ವಿಷಯ. ಇವನು ಮುಂದೆ ಹಿಂಸೆ ಮಾಡ್ತಾನೆ ಅಂತ ಸೈಕಿಯಾಟ್ರಿಸ್ಟ್‌ಗಳು ಹೇಳೋ ಭವಿಷ್ಯ ಮೂರರಲ್ಲಿ ಎರಡು ಸಲ ತಪ್ಪಾಗುತ್ತೆ ಅಂತ ಅಲ್ಲಿನ ಸೈಕಿಯಾಟ್ರಿಸ್ಟ್‌ಗಳ ಸಂಘನೇ ಹೇಳಿದ್ರೂ ಸುಪ್ರೀಂ ಕೋರ್ಟ್ ಅಂಥ ಭವಿಷ್ಯ ಹೇಳೋ ಸಾಕ್ಷ್ಯನ ಒಪ್ಕೊಂಡ್ತು!

ಇನ್ನೊಂದು ತೊಡಕು, ಫಾಲ್ಸ್ ಪಾಸಿಟಿವ್ (ಸುಮ್ಮನೇ ಸೀಲ್ ಬಿದ್ದೋರು) ಕಣ್ಣಿಗೇ ಬೀಳಲ್ಲ, ಯಾಕಂದ್ರೆ ಡೇಂಜರಸ್ ಅಂತ ಒಳಗೆ ಹಾಕಿದೋನು ಹೊರಗಿದ್ದಿದ್ರೆ ಏನ್ಮಾಡ್ತಿದ್ದ ಅಂತ ಚೆಕ್ ಮಾಡೋಕೆ ದಾರಿನೇ ಇಲ್ವಲ್ಲ. 1966ರ ಬ್ಯಾಕ್ಸ್‌ಟ್ರಾಮ್ ತೀರ್ಪನ್ನ ಎಲ್ಲರೂ ಹೇಳೋದು ಅದಕ್ಕೇ. ಆ ತೀರ್ಪಿಂದ ನ್ಯೂಯಾರ್ಕ್‌ನ ಬಿಗಿ ಕಾವಲಿನ ಆಸ್ಪತ್ರೆಗಳಲ್ಲಿದ್ದ 900ಕ್ಕೂ ಹೆಚ್ಚು ಜನನ ಮಾಮೂಲಿ ಆಸ್ಪತ್ರೆಗಳಿಗೆ ಕಳಿಸ್ಬೇಕಾಯ್ತು, ಸ್ಟೆಡ್‌ಮನ್, ಕೊಕೋಝಾ ಅನ್ನೋ ಸಂಶೋಧಕರು ಅವರನ್ನ ಫಾಲೋ ಮಾಡಿದ್ರು, ಹೆಚ್ಚಿನೋರು ಯಾರ ಮೇಲೂ ಕೈ ಮಾಡ್ಲಿಲ್ಲ.