ಪದ ಪರಿಚಯ: ಪೌಡರ್ ಕೋಟಿಂಗ್

ಹಳೇ ಕಾರುಗಳ ಮಾರಾಟದ ಜಾಹೀರಾತುಗಳಲ್ಲಿ 'ರೇಡಿಯೇಟರ್ ಪೂರ್ತಿ ಪೌಡರ್ ಕೋಟ್ ಮಾಡಿಸಿದೆ' ಎಂಬ ಸಾಲು ಮತ್ತೊಮ್ಮೆ ಕಣ್ಣಿಗೆ ಬಿತ್ತು. ಈ ಸಲದ್ದು 1960ರ ದಶಕದ ಎಂಜಿಬಿ, ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ಫೋಟೋದಲ್ಲಿ ಇರುವುದು ಡಬ್ಬಿ ಸ್ಪ್ರೇಯಿಂದ ಹೊಡೆದ ಕಪ್ಪು ಪೇಂಟ್. ಸದ್ಯ, ಹೇಳಿದ್ದು ಸುಳ್ಳು! ನಿಜವಾಗಿದ್ದರೆ, ಎಂಜಿನ್ನಿನ ನೀರು ತಣಿಸುವ ಆ ರೇಡಿಯೇಟರನ್ನು ನಾನಂತೂ ಮುಟ್ಟುತ್ತಿರಲಿಲ್ಲ.

ಕಪ್ಪಗೆ, ಮಂದ ಹೊಳಪಿನಲ್ಲಿ ಕಾಣುವುದೆಲ್ಲ ಪೌಡರ್ ಕೋಟಿಂಗ್ ಅಲ್ಲ. ಅದು ಒಣ ಪುಡಿಯನ್ನು ಲೋಹದ ಮೇಲೆ ಓವನ್ನಿನಲ್ಲಿ ಬೇಯಿಸಿ ಕೂರಿಸುವ ಪದರ. 'ಪೌಡರ್ ಕೋಟಿಂಗ್ ಪೇಂಟ್ ಹೊಡೆಸಿದೆ' ಎನ್ನುವವರಿಗೆ ಈ ಎರಡು ಬೇರೆ ಬೇರೆ ಎಂದು ಯಾರೂ ಹೇಳಿಲ್ಲವೆಂದು ಕಾಣುತ್ತದೆ. ಗೊಂದಲಕ್ಕೆ ಹೆಸರೂ ಸ್ವಲ್ಪ ಹೊಣೆ. ಲ್ಯಾಟಿನ್ನಿನಲ್ಲಿ ಪುಲ್ವಿಸ್ ಎಂದರೆ ಧೂಳು. ಅದು ಫ್ರೆಂಚಿನಲ್ಲಿ ಪೂದ್ರ್ ಆಗಿ, ಇಂಗ್ಲಿಷಿನಲ್ಲಿ ಪೌಡರ್ ಆಗಿ, ನಮ್ಮಲ್ಲಿಗೆ ಬರುವ ಹೊತ್ತಿಗೆ ಮುಖಕ್ಕೆ ಹಚ್ಚುವ ವಸ್ತುವಾಯಿತು. ಹಾಗಾಗಿ ಪೌಡರ್ ಎಂದೊಡನೆ ನಮಗೆ ಮೇಲೆ ಉದುರಿಸಿಕೊಳ್ಳುವ, ಒರೆಸಿದರೆ ಹೋಗುವ ಏನೋ ಒಂದು ನೆನಪಾಗುತ್ತದೆ. 'ಕೋಟ್' ಇನ್ನೂ ತಂಟೆಯ ಪದ. ಹಳೆಯ ಫ್ರೆಂಚಿನಲ್ಲಿ ಅದು ಮೇಲಂಗಿ. ಇಂಗ್ಲಿಷಿನಲ್ಲಿ ಅಂಗಿಯೂ ಹೌದು, ಯಾವುದರ ಮೇಲಾದರೂ ಬಳಿದ ಪದರವೂ ಹೌದು. ನಮ್ಮ ಪೇಂಟರುಗಳು ಅದನ್ನು ಎಣಿಕೆಯ ಮಾತಾಗಿ ಮಾಡಿಕೊಂಡಿದ್ದಾರೆ: ಒಂದು ಕೋಟು ಪ್ರೈಮರ್, ಎರಡು ಕೋಟು ಪೇಂಟ್. ಅದೇ ಅಭ್ಯಾಸದಲ್ಲಿ ಪೀಣ್ಯದ ಶೆಡ್ಡಿಗೆ ಹೋಗಿ 'ಎಷ್ಟು ಕೋಟು ಹೊಡೀತೀರಿ?' ಎಂದು ಕೇಳುವವರಿದ್ದಾರೆ. ಗೇಟು, ಗ್ರಿಲ್ಲು, ಕಾರಿನ ಚಕ್ರ ಯಾವುದೇ ಇರಲಿ, ಬಹುತೇಕ ಒಂದೇ ಸುತ್ತಿನಲ್ಲಿ ಕೆಲಸ ಮುಗಿಯುತ್ತದೆ. ಕೇಳಬೇಕಾದ ಪ್ರಶ್ನೆ ಎಷ್ಟು ಡಿಗ್ರಿ, ಎಷ್ಟು ಹೊತ್ತು ಎಂಬುದು. ಓವನ್ ಇಲ್ಲದೆ ಪೌಡರ್ ಕೋಟಿಂಗ್ ಇಲ್ಲ, ಆದರೆ ಹೆಸರಿನಲ್ಲಿ ಓವನ್ನಿನ ಸುಳಿವೇ ಇಲ್ಲ.

ನಡೆಯುವುದು ಇಷ್ಟು. ರಾಳ, ಬಣ್ಣ, ಗಟ್ಟಿಯಾಗಿಸುವ ರಾಸಾಯನಿಕ ಸೇರಿದ ಒಣ ಪುಡಿಗೆ ಗನ್ನಿನಲ್ಲಿ ವಿದ್ಯುದಾವೇಶ ಕೊಟ್ಟು, ಅರ್ಥ್ ಮಾಡಿ ತೂಗುಹಾಕಿದ ಲೋಹದ ಮೇಲೆ ಊದುತ್ತಾರೆ. ಪುಡಿ ಸೆಳೆತಕ್ಕೆ ಅಂಟಿ ನಿಲ್ಲುತ್ತದೆ. ಆಮೇಲೆ ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತಿಪ್ಪತ್ತು ನಿಮಿಷ ಬೇಯಿಸುತ್ತಾರೆ. ಪುಡಿ ಕರಗಿ, ಹರಡಿ, ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಹೀಗೆ ಗಟ್ಟಿಯಾದ ಮೇಲೆ ಮತ್ತೆ ಕಾಯಿಸಿದರೂ ಕರಗುವುದಿಲ್ಲ. ಥಿನ್ನರ್ ಇಲ್ಲ, ಒಣಗುವುದೆಂಬುದೂ ಇಲ್ಲ. ದಪ್ಪ ಸುಮಾರು 60ರಿಂದ 100 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್).

ಈಗ ಎಂಜಿಬಿಗೆ ಬರೋಣ. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ, 1798 ಸಿಸಿಯ ಕಾರು. ಅದರ ಮೂಲ ರೇಡಿಯೇಟರ್ ತಾಮ್ರ-ಹಿತ್ತಾಳೆಯದು. ಕೊಳವೆಗೂ ಮೇಲಿನ ಕೆಳಗಿನ ಟ್ಯಾಂಕಿಗೂ ನಂಟು ಹಾಕಿರುವುದು ತವರ-ಸೀಸದ ಬೆಸುಗೆ. ಆ ಬೆಸುಗೆ ಸಾಮಾನ್ಯವಾಗಿ 183 ಡಿಗ್ರಿಯಲ್ಲೇ ಸಡಿಲಾಗತೊಡಗುತ್ತದೆ. ಓವನ್ನಿನ ಶಾಖ ಎಷ್ಟೆಂದು ಮೇಲೆ ಹೇಳಿದ್ದೇನೆ, ಲೆಕ್ಕ ನೀವೇ ಹಾಕಿ. ಕಡಿಮೆ ಶಾಖದಲ್ಲಿ ಬೇಯುವ ಪುಡಿಗಳೂ ಇವೆ ಎಂದು ವಾದಿಸುವವರಿಗೆ ಎರಡನೆಯ ತೊಡಕು: ಆವೇಶ ಹೊತ್ತ ಪುಡಿ ಇಕ್ಕಟ್ಟಾದ ಸಂದಿಯೊಳಗೆ ಇಳಿಯುವುದಿಲ್ಲ, ಅಂಚುಗಳಲ್ಲೇ ಗುಂಪುಗಟ್ಟುತ್ತದೆ. ಫಿನ್‌ಗಳ, ಅಂದರೆ ಶಾಖ ಬಿಡುವ ತೆಳು ತಗಡುಗಳ, ಬಾಯಿ ದಪ್ಪವಾಗಿ ಗಾಳಿಗೆ ಅಡ್ಡ ನಿಲ್ಲುತ್ತದೆ, ಒಳಗೆ ಲೋಹ ಬೆತ್ತಲೆ. ಸಾಲದ್ದಕ್ಕೆ ಪ್ಲಾಸ್ಟಿಕ್ಕಿನಂಥ ಈ ಪದರ ಶಾಖವನ್ನು ಸಲೀಸಾಗಿ ಹೊರಗೆ ಬಿಡುವಂಥದ್ದಲ್ಲ. ರೇಡಿಯೇಟರಿಗೆ ಬೇಕಾದದ್ದು ತೆಳ್ಳಗಿನ ಕಪ್ಪು ರೇಡಿಯೇಟರ್ ಪೇಂಟ್, ಅಷ್ಟೇ. ಹಾಗಾಗಿ ಆ ಜಾಹೀರಾತಿನವರು ಮಾಡಿಸಿದ್ದು ಸರಿ, ಹೇಳಿದ್ದು ತಪ್ಪು. ಅಲ್ಯೂಮಿನಿಯಂ ರೇಡಿಯೇಟರಿನ ಬೆಸುಗೆ ಓವನ್ನಿಗೆ ಬಗ್ಗುವುದಿಲ್ಲ, ಆದರೆ ಫಿನ್‌ಗಳ ತಕರಾರು ಅಲ್ಲೂ ಇದ್ದದ್ದೇ.

ಹಾಗಾದರೆ ಪೌಡರ್ ಕೋಟಿಂಗ್ ಯಾವುದಕ್ಕೆ? ರೇಡಿಯೇಟರನ್ನು ಹಿಡಿದಿಡುವ ಉಕ್ಕಿನ ಫಲಕಕ್ಕೆ, ಬ್ರಾಕೆಟ್ಟುಗಳಿಗೆ, ಮೊದಮೊದಲ ಎಂಜಿಬಿಗಳ ಉಕ್ಕಿನ ಫ್ಯಾನಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಮುಂದಿನ ವರ್ಷಗಳ ಫ್ಯಾನು ಪ್ಲಾಸ್ಟಿಕ್ಕಿನದು. ಅದನ್ನು ಓವನ್ನಿಗಿಟ್ಟವರ ಪಾಡು ಹೇಳುವುದು ಬೇಡ. ವಾಟರ್ ಪಂಪನ್ನು ಬಿಚ್ಚದೆ ಇಡಿಯಾಗಿ ಕೊಡುವವರೂ ಇದ್ದಾರೆ. ಬಣ್ಣವೇನೋ ಚೆನ್ನಾಗಿ ಕೂರುತ್ತದೆ, ಒಳಗಿನ ಸೀಲು ಬೆಂದು ಬೇರಿಂಗಿನ ಗ್ರೀಸು ಇಳಿದುಹೋಗಿರುತ್ತದೆ. ನೀರಿನ ಶಾಖ ನೋಡಿ ಹರಿವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಮೇಲಿನ ಅಲ್ಯೂಮಿನಿಯಂ ಮುಚ್ಚಳ ಎರಕದ್ದು. ಎರಕದ ಲೋಹದ ರಂಧ್ರಗಳಲ್ಲಿ ಗಾಳಿ, ಹಳೆಯ ಎಣ್ಣೆ ಅಡಗಿರುತ್ತವೆ. ಬೇಯುವಾಗ ಅವು ಹೊರನುಗ್ಗಿ ಪದರದ ತುಂಬ ಸೂಜಿಮೊನೆಯಷ್ಟು ತೂತು ಮಾಡುತ್ತವೆ. ಪುಡಿ ಹೊಡೆಯುವ ಮುನ್ನ ಬರಿಯ ಲೋಹವನ್ನೇ ಒಮ್ಮೆ ಇನ್ನೂ ಹೆಚ್ಚಿನ ಶಾಖಕ್ಕೆ ಕಾಯಿಸಿ ಅವನ್ನು ಹೊರಹಾಕಬೇಕು. ಈ ಹೆಜ್ಜೆ ಬಿಟ್ಟು 'ಎರಕಕ್ಕೆ ಪೌಡರ್ ನಿಲ್ಲಲ್ಲ ಸಾರ್' ಎನ್ನುವ ಶೆಡ್ಡಿನಿಂದ ದೂರವಿರಿ.

ಮರಳಿ ಜೋಡಿಸುವಾಗ ಈ ಮೈಕ್ರಾನ್‌ಗಳು ನಿಜವಾಗಿ ಕಾಡುತ್ತವೆ. ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ಹಾಳೆ) ಕೂರುವ ಮುಖ, ಬೋಲ್ಟು ತಿರುಗಿ ಇಳಿಯುವ ಮರೆಗಳು, ಪುಲ್ಲಿಯ ನಡುವಿನ ರಂಧ್ರ, ಬೆಲ್ಟ್ ಓಡುವ ತೋಡು ಇವನ್ನೆಲ್ಲ ಶಾಖ ತಡೆಯುವ ಟೇಪು, ಸಿಲಿಕೋನ್ ಬಿರಡೆಗಳಿಂದ ಮೊದಲೇ ಮುಚ್ಚಿಸಿರಬೇಕು. ಮರೆಯೊಳಗೆ ಪದರ ಕೂತರೆ ಬೋಲ್ಟು ಇಳಿಯುವುದಿಲ್ಲ. ಬಲವಂತ ಮಾಡಿದರೆ ಬೋಲ್ಟೋ ಮರೆಯೋ ಹಾಳು. ಥರ್ಮೋಸ್ಟಾಟ್ ಮುಚ್ಚಳದ ಮೂರು ಸ್ಟಡ್ಡುಗಳು (ತಲೆಯಿಲ್ಲದ ಬೋಲ್ಟುಗಳು) ತುಕ್ಕು ಹಿಡಿದು ಕಚ್ಚಿಕೊಳ್ಳುವುದಕ್ಕೆ ಮೊದಲೇ ಹೆಸರುವಾಸಿ, ಅವುಗಳ ರಂಧ್ರದಲ್ಲಿ ಪೌಡರ್ ತುಂಬಿಸಿ ಇನ್ನಷ್ಟು ಬಿಗಿ ಮಾಡಬೇಡಿ. ವಾಷರಿನ ಕೆಳಗೆ ದಪ್ಪ ಪದರ ಉಳಿದಿದ್ದರೆ ಬಿಗಿದ ಬೋಲ್ಟು ನಾಲ್ಕು ದಿನಕ್ಕೆ ಸಡಿಲವಾಗುತ್ತದೆ, ಏಕೆಂದರೆ ಒತ್ತಡಕ್ಕೆ ಪದರ ನಿಧಾನವಾಗಿ ಕುಸಿಯುತ್ತದೆ. ಬಣ್ಣ ತೆಗೆಯಲು ಹೊಡೆದ ಮರಳಿನಂಥ ಪುಡಿ ನೀರು ಹರಿಯುವ ದಾರಿಯಲ್ಲಿ ಉಳಿದಿದ್ದರೆ ಹೊಸ ಪಂಪಿನ ಸೀಲಿಗೆ ಆಯುಸ್ಸಿಲ್ಲ. ತೊಳೆದು, ಗಾಳಿ ಊದಿ, ಮತ್ತೊಮ್ಮೆ ತೊಳೆಯಿರಿ.

ಕೊನೆಯದಾಗಿ ವಿದ್ಯುತ್ತಿನ ಮಾತು. ಈ ಪದರ ವಿದ್ಯುತ್ ಹರಿಸುವುದಿಲ್ಲ. 1967ರವರೆಗಿನ ಎಂಜಿಬಿಗಳಲ್ಲಿ ಫ್ಯಾನ್ ಬೆಲ್ಟೇ ತಿರುಗಿಸುವ ಡೈನಮೋ ಇರುತ್ತದೆ, ಅದು ಅರ್ಥ್ ಪಡೆಯುವುದು ತನ್ನನ್ನು ಹಿಡಿದಿರುವ ಬ್ರಾಕೆಟ್ಟಿನಿಂದ. ಫ್ಯಾನು, ಪುಲ್ಲಿಗಳ ಜತೆ ಆ ಬ್ರಾಕೆಟ್ಟಿಗೂ ಅಂದವಾಗಿ ಪೌಡರ್ ಹೊಡೆಸಿ ಬಿಗಿದರೆ ಚಾರ್ಜಿಂಗ್ ದೀಪ ಆರದೆ ಕಾಡಬಹುದು, ಮೆಕ್ಯಾನಿಕ್ ಮಾತ್ರ ಚಾರ್ಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರನ್ನು ಬೈಯುತ್ತಿರುತ್ತಾನೆ. ಬ್ರಾಕೆಟ್ ಎಂಜಿನ್ನಿಗೂ ಡೈನಮೋಗೂ ತಾಗುವ ಕಡೆ ಪದರ ಕೆರೆದು, ಲೋಹಕ್ಕೆ ಲೋಹ ಕೂಡುವಂತೆ ಮಾಡಿ, ಅಂಚಿಗೆ ಸ್ವಲ್ಪ ಗ್ರೀಸು ಸವರಿ ಬಿಗಿಯಿರಿ.