ಸಂಕದಾಚೆಯ ಪರಿಚಯ

ಮಳೆಗಾಲ ಬಂತೆಂದರೆ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರಿಗೆ ಒಂದೇ ಚಿಂತೆ. ಮಳೆ ಕೊಂಚ ಹೊಳವಾದಾಗಲೇ ಅಡಿಕೆ ಗೊನೆಗಳಿಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದು ಮುಗಿಸಬೇಕು. ತಡವಾದರೆ ಕೊಳೆ ರೋಗ ಬಂದು ಕಾಯಿ ಉದುರುತ್ತದೆ. ಆದರೆ ಮರ ಹತ್ತುವ ಕೊನೆಗಾರರು ಸಿಗಬೇಕಲ್ಲ!

ನಾವು ಅಕ್ಕಪಕ್ಕದ ಬೆಳೆಗಾರರು ಸೇರಿ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡಿದ್ದೆವು. "ಕೊನೆಗಾರರು ಯಾರಾದ್ರೂ ಇದ್ದಾರಾ?" ಎಂದು ಒಬ್ಬರು ಕೇಳಿದರೆ, ಉಳಿದವರೂ ಅದನ್ನೇ ಕೇಳುತ್ತಿದ್ದರು. ಎಲ್ಲರೂ ಕಾಯುತ್ತಿದ್ದುದು ಅದೇ ಇಬ್ಬರನ್ನು.

ದಾರಿ ತೋರಿಸಿದವರು ಘಟ್ಟದ ಕೆಳಗಿನವರು. ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತು ಪರಿಚಯವಾದ ಪುತ್ತೂರು ಕಡೆಯವರೊಬ್ಬರನ್ನು ಯಾರೋ ಗುಂಪಿಗೆ ಸೇರಿಸಿದ್ದರು. ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಹಿಡಿದು, ನೆಲದಲ್ಲೇ ನಿಂತು ಔಷಧಿ ಹೊಡೆಯುವ ವಿಡಿಯೋವನ್ನು ಅವರು ಹಾಕಿದರು.

ಇದು ಸುಮ್ನೆ ಅದೃಷ್ಟ ಅಲ್ಲ. ಸಮಾಜ ವಿಜ್ಞಾನಿ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ವಿವರಿಸಿದ್ದರು. ಬಾಸ್ಟನ್ ಹತ್ತಿರದ ಊರೊಂದರಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವರು ಮಾತಾಡಿಸಿದರು. ಆಗಾಗ ಭೇಟಿಯಾಗುವವರಿಂದ ಸುದ್ದಿ ಸಿಕ್ಕಿದ್ದು ನೂರರಲ್ಲಿ ಸುಮಾರು 17 ಮಂದಿಗೆ ಮಾತ್ರ. ಉಳಿದವರಿಗೆಲ್ಲ ಅದು ಸಿಕ್ಕಿದ್ದು ಯಾವಾಗಲಾದರೊಮ್ಮೆ ಅಥವಾ ತೀರಾ ಅಪರೂಪಕ್ಕೆ ಕಾಣುವವರಿಂದ. ಕಾರಣ ಸರಳ. ನನ್ನ ಆಪ್ತರಿಬ್ಬರು ಪರಸ್ಪರ ಪರಿಚಿತರೇ ಆಗಿರುತ್ತಾರೆ. ಹಾಗಾಗಿ ನನಗೆ ಗೊತ್ತಿದ್ದುದೇ ಅವರಿಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರಬೇಕಾದರೆ ಬೇರೆ ಬಳಗದಿಂದಲೇ ಬರಬೇಕು, ಅಲ್ವಾ? ಅಂಥ ತೆಳು ಪರಿಚಯವನ್ನು ಅವರು ಸೇತುವೆ ಎಂದು ಕರೆದರು. ನನಗೆ ನೆನಪಾಗುವುದು ನಮ್ಮ ಕಾಲುಸಂಕ. ಹಳ್ಳಕ್ಕೆ ಅಡ್ಡ ಹಾಕಿದ ಎರಡು ಅಡಿಕೆ ಮರ. ಕಾಲಿಟ್ಟರೆ ಅಲುಗುತ್ತದೆ, ಆದರೂ ಆಚೆ ಮನೆಗೆ ಅದೊಂದೇ ದಾರಿ.

ಪರಿಚಯ ತೀರಾ ತೆಳುವಾದರೂ ಕಷ್ಟ. ಉದ್ಯೋಗ ಸಂಪರ್ಕದ ಜಾಲತಾಣ ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗಗಳ ಫಲಿತಾಂಶ 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಕೆಲಸ ಬದಲಿಸಲು ಹೆಚ್ಚು ನೆರವಾದವರು ನಡುವಿನವರು. ಆಪ್ತರೂ ಅಲ್ಲ, ಪೂರ್ತಿ ಹೊರಗಿನವರೂ ಅಲ್ಲ. ಇಬ್ಬರಿಗೂ ಗೊತ್ತಿರುವ ಒಂದಿಷ್ಟು ಜನ ಇರುವವರು.

ಇದಾದ ಮೇಲೆ ನಾವು ಗುಂಪು ಬೆಳೆಸುವ ರೀತಿಯೇ ಬದಲಾಯಿತು. ವಾಟ್ಸ್‌ಆ್ಯಪ್ ಗುಂಪಿಗೆ 1024 ಜನರನ್ನು ಸೇರಿಸಬಹುದು. ನಮಗೆ ಅಷ್ಟು ಜಾಸ್ತಿ ಬೇಡ. ಒಬ್ಬೊಬ್ಬರೂ ಬೇರೆ ಸೀಮೆಯ ಒಬ್ಬರನ್ನು ಕರೆತರಬೇಕು, ಅವರ ಮೊದಲ ಪ್ರಶ್ನೆಗೆ ಅದೇ ದಿನ ಉತ್ತರ ಕೊಡಬೇಕು. ಎರಡನೆಯದೇ ನನಗೆ ಹೆಚ್ಚು ಮುಖ್ಯ. ಕೇಳಿದ್ದಕ್ಕೆ ಯಾರೂ ಮಾತಾಡದಿದ್ದರೆ ಹೊಸಬರು ಮತ್ತೆ ಬಾಯಿ ಬಿಡುವುದು ಕಷ್ಟ.

ಕಳೆದ ವಾರ ಶಿರಸಿ ಕಡೆಯಿಂದ ಸೇರಿದವರೊಬ್ಬರು ಎಲೆಚುಕ್ಕಿ ರೋಗ ಬಿದ್ದ ಅಡಿಕೆ ಸೋಗೆಯ ಫೋಟೋ ಹಾಕಿದರು. ರಾತ್ರಿ ಊಟದ ಹೊತ್ತಿಗೆ ಏಳು ಜನ ಉತ್ತರ ಬರೆದಿದ್ದರು.